ಪತ್ರಿಕೆ ಮುಗಿಸಿದ ಮಾತು

"ಫೋಟೋ ಸ್ವಲ್ಪ ಕೆಳಗೆ ಹಿಡ್ಕೊಳ್ಳಿ ಅಮ್ಮ, ಗಾಜು ಹೊಳೀತಿದೆ," ಎಂದ ಕ್ಯಾಮೆರಾದವನು.

ಟೈಲರಕ್ಕ ಮಗನ ಫೋಟೋವನ್ನು ಎದೆಯಿಂದ ಮಡಿಲಿಗೆ ಇಳಿಸಿಕೊಂಡಳು. ಗಡಿಯಲ್ಲಿ ಗುಂಡು ತಗುಲಿ ಮಗ ಹೋದನೆಂಬ ಸುದ್ದಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಹೊಲಿಗೆ ಯಂತ್ರದ ಸೂಜಿಗೆ ಯಾರದೋ ಅಂಗಿಯ ತೋಳು ಸಿಕ್ಕಿಕೊಂಡೇ ಇತ್ತು. ಕೊಟ್ಟವರು ಕೇಳಲು ಮುಜುಗರಪಟ್ಟು ಸುಮ್ಮನಿದ್ದರು.

ಪತ್ರಿಕೆಯ ವರದಿಗಾರ ಮೆದು ಮಾತಿನವ. ಕುರ್ಚಿ ಕೊಟ್ಟರೂ ನೆಲದ ಮೇಲೇ ಕೂತು, ಮಗ ಚಿಕ್ಕವನಿದ್ದಾಗ ಹೇಗಿದ್ದ, ಏನು ತಿನ್ನುತ್ತಿದ್ದ ಎಂದೆಲ್ಲ ಕೇಳಿದ. ಕೊನೆಗೆ, ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ಸೈನ್ಯಕ್ಕೆ ಕಳಿಸುತ್ತಿದ್ದಿರಾ ಎಂದ.

"ಇನ್ನೊಬ್ಬ ಮಗ ಇದ್ದಿದ್ರೆ..." ಎಂದಳು ಟೈಲರಕ್ಕ. ಅಷ್ಟಕ್ಕೇ ಮಾತು ನಿಂತಿತು. ವರದಿಗಾರ ಸ್ವಲ್ಪ ಹೊತ್ತು ಕಾದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಪೆನ್ನು ಮುಚ್ಚಿ ಎದ್ದ.

ಮರುದಿನ ಮುಖಪುಟದಲ್ಲಿ ಅವಳ ಚಿತ್ರ. ಅದರ ಕೆಳಗೆ ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳಲ್ಲಿ: "ಇನ್ನೊಬ್ಬ ಮಗನಿದ್ದರೆ ಅವನನ್ನೂ ಕಳಿಸುತ್ತಿದ್ದೆ."

"ನಾನು ಇಲ್ಲೇ ನಿಂತಿದ್ದೆ. ನೀನು ಹಾಗೆ ಹೇಳಲೇ ಇಲ್ವಲ್ಲಮ್ಮ," ಎಂದಳು ಮಗಳು.

"ಅವನ ಮುಖ ನೋಡ್ಕೊಂಡಾದ್ರೂ ಬದುಕ್ತಿದ್ದೆ ಅನ್ನೋಕೆ ಹೋದೆ. ಮಾತೇ ಬರಲಿಲ್ಲ."

ಮಗಳು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯವರು ಒಂದಿಷ್ಟೂ ಸಿಡುಕಲಿಲ್ಲ. ತಾಯಿಯ ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದಿದ್ದೇವೆ, ಇಡೀ ದೇಶ ಅವರಿಗೆ ಕೈಮುಗಿಯುತ್ತಿದೆ, ಈಗ ಅದನ್ನು ಅಲ್ಲವೆಂದರೆ ಸತ್ತವನಿಗೇ ಅವಮಾನ ಎಂದು ಸಮಾಧಾನದಿಂದ ತಿಳಿಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯೇ ಮನೆಗೆ ಬಂತು. ಹೊಲಿಗೆಯಲ್ಲಿ ಸದಾ ಕೊಂಕು ತೆಗೆಯುತ್ತಿದ್ದ ಮಹಡಿಮನೆಯವರು ಬಂದು ಅವಳ ಕೈ ಹಿಡಿದು ಅತ್ತರು. ಬಸ್ಸಿನಲ್ಲಿ ಜನ ಎದ್ದು ಜಾಗ ಬಿಟ್ಟರು. ಆಮೇಲೆ ಟಿವಿಯವರು ಬಂದರು. ದೀಪದ ಝಳದಲ್ಲಿ ಅದೇ ಪ್ರಶ್ನೆ ಕೇಳಿದಾಗ ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಟೈಲರಕ್ಕ ಪತ್ರಿಕೆಯಲ್ಲಿದ್ದ ಮಾತನ್ನು ಹಾಗೇ ಹೇಳಿಬಿಟ್ಟಳು. ಹೇಳಿದ್ದು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ, ಅದೇ ಸೋಜಿಗ. ಆ ಮಾತು ಆಡಿದಾಗ ಮಗ ಯಾವುದೋ ದೊಡ್ಡದಕ್ಕಾಗಿ ಸತ್ತವನಾಗುತ್ತಿದ್ದ. ಆಡದಿದ್ದಾಗ ಬರೀ ಸತ್ತವನಾಗಿರುತ್ತಿದ್ದ. ಹಾಗಾಗಿ ಕರೆದಲ್ಲೆಲ್ಲ ಹೋದಳು. ಯುದ್ಧ ಎಳೆದಷ್ಟೂ ಉದ್ದವಾಗುತ್ತಿತ್ತು. ಇದು ಎಲ್ಲಿಯವರೆಗೆ ಎಂದು ಜನ ಅಲ್ಲಲ್ಲಿ ಗೊಣಗತೊಡಗಿದಂತೆ ಅವಳಿಗೆ ಕರೆಯೂ ಹೆಚ್ಚಿತು. ಮಗಳು ಮಾತ್ರ, ಟಿವಿಯಲ್ಲಿ ಅಮ್ಮ ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ದಿನ ಎದುರುಮನೆಯ ಬೇಕರಿಯಾಕೆ ಬಂದಳು. ಗಂಡನಿಲ್ಲದ ಹೆಂಗಸು, ತಾಯಿ ಮಗ ಸೇರಿ ಒಲೆ ನಡೆಸುತ್ತಿದ್ದರು. ಮಗನನ್ನು ಎಲ್ಲರೂ ಪುಟಾಣಿ ಎಂದೇ ಕರೆಯುವುದು. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು. ಟೈಲರಕ್ಕನ ಮಗನೂ ಅವನೂ ಒಂದೇ ತಟ್ಟೆಯಲ್ಲಿ ತಿಂದು ಬೆಳೆದವರು. ಈಗ ಅವನು ಸೈನ್ಯಕ್ಕೆ ಹೆಸರು ಕೊಟ್ಟು ಬಂದಿದ್ದಾನೆ, ಅತ್ತರೂ ಕೇಳುತ್ತಿಲ್ಲ, ಅನ್ನ ಬಿಟ್ಟರೂ ಕೇಳುತ್ತಿಲ್ಲ ಎಂದಳು ಬೇಕರಿಯಾಕೆ.

"ನೀವೊಂದು ಮಾತು ಹೇಳಿ ಅಕ್ಕ. ನೀವು ಬೇಡ ಅಂದ್ರೆ ನಿಲ್ತಾನೆ."

ಹೇಳುತ್ತೇನೆ ಎಂದು ಟೈಲರಕ್ಕ ಒಪ್ಪಿದಳು. ಒಪ್ಪಿದ್ದು ಬಾಯಿಮಾತಿಗಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೂ ಇದ್ದಳು. ಎರಡು ದಿನ ಬಿಟ್ಟು ಪುಟಾಣಿ ತಾನಾಗಿಯೇ ಬಂದ. ಕೈಯಲ್ಲೊಂದು ಪ್ಯಾಂಟು. ಕಾಲಿಗೆ ಗಿಡ್ಡವಾಗಿದೆ, ಅಂಚು ಬಿಚ್ಚಿ ಇಳಿಸಿಕೊಡಬೇಕು, ನಾಳೆ ಬೆಳಿಗ್ಗೆ ಹೊರಡುತ್ತೇನೆ ಎಂದ. ಟೈಲರಕ್ಕ ಕನ್ನಡಕ ಏರಿಸಿ ಅಂಚಿನ ದಾರ ಬಿಚ್ಚುತ್ತ, ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಅವನೇ ಮಾತೆತ್ತಿದ.

"ಟಿವೀಲಿ ಕೇಳ್ದೆ ದೊಡ್ಡಮ್ಮ. ನಿಮಗೆ ಇನ್ನೊಬ್ಬ ಮಗ ಇಲ್ಲ ಅಂತ ಯಾರು ಹೇಳಿದ್ದು? ನಾನಿದ್ದೀನಲ್ಲ."

ಅವನ ಮುಖ ಬೆಳಗುತ್ತಿತ್ತು. ಬೇಡ ಎಂಬ ಮಾತು ಟೈಲರಕ್ಕನ ನಾಲಗೆಯ ತುದಿಯವರೆಗೂ ಬಂತು. ಇವನಿಗೆ ಬೇಡವೆಂದರೆ ತನ್ನವನು ಹೋದದ್ದು ಯಾತಕ್ಕೆ ಎಂದು ತಾನೇ ಕೇಳಿದಂತಾಗುತ್ತಿತ್ತು. ತಲೆ ಬಗ್ಗಿಸಿ ಅಂಚು ಹೊಲಿದಳು. ಹಲ್ಲಿನಿಂದ ದಾರ ಕಡಿದು, ಮಡಿಸಿ, ಅವನ ಕೈಗಿಟ್ಟಳು. ಹುಷಾರಾಗಿರು ಎಂದಷ್ಟೇ ಅಂದಳು.

ಚಳಿ ಇನ್ನೂ ಕಳೆದಿರಲಿಲ್ಲ, ಪುಟಾಣಿಯ ಸುದ್ದಿ ಬಂತು.

ಅಂದು ಬೆಳಿಗ್ಗೆ ಅದೇ ವರದಿಗಾರ ಟೈಲರಕ್ಕನ ಮನೆಗೇ ಮೊದಲು ಬಂದ. ಮೊದಲಿಗಿಂತ ಸೊರಗಿದ್ದ. ಎದುರುಮನೆಯ ಮುಂದೆ ಕ್ಯಾಮೆರಾಗಳು ಆಗಲೇ ನಿಂತಿದ್ದವು. ನೀವೂ ಬಂದು ಅವರ ಪಕ್ಕ ಕೂತರೆ, ಇಬ್ಬರು ತಾಯಂದಿರು ಜೊತೆಯಾಗಿ ಎರಡು ಮಾತು ಹೇಳಿದರೆ, ಕುಗ್ಗಿರುವ ಜನಕ್ಕೆ ಧೈರ್ಯ ಬರುತ್ತದೆ ಎಂದ.

"ಅವತ್ತು ನಾನು ಆ ಮಾತು ಮುಗಿಸಿರಲಿಲ್ಲಪ್ಪ," ಎಂದಳು ಟೈಲರಕ್ಕ.

ಅವನು ತನ್ನ ಬೂಟುಗಳ ಕಡೆ ನೋಡಿದ. "ಗೊತ್ತು ಅಮ್ಮ. ನಾನು ಅರ್ಧ ಮಾತನ್ನೇ ಬರೆದು ಕೊಟ್ಟಿದ್ದೆ. ಆಫೀಸಲ್ಲಿ ಮುಗಿಸಿದ್ರು. ಜಗಳ ಆಡೋಣ ಅಂತಿದ್ದೆ." ತಡೆದು, ಇನ್ನೂ ಮೆಲ್ಲಗೆ ಸೇರಿಸಿದ: "ಅಷ್ಟರಲ್ಲಿ ನೀವೇ ಹೇಳೋಕೆ ಶುರು ಮಾಡಿದ್ರಲ್ಲ."

ಟೈಲರಕ್ಕ ಅವನನ್ನು ಅಲ್ಲೇ ಬಿಟ್ಟು, ಬೀದಿಯನ್ನು ಬಳಸಿಕೊಂಡು ಬೇಕರಿಯ ಹಿಂಬಾಗಿಲಿನಿಂದ ಒಳಗೆ ಹೋದಳು.

ಬೇಕರಿಯಾಕೆ ಒಬ್ಬಳೇ ಇದ್ದಳು. ಒಲೆ ಹಚ್ಚಿರಲಿಲ್ಲ. ಸುದ್ದಿ ಬರುವ ಮೊದಲು ಕಲಸಿಟ್ಟಿದ್ದ ಬ್ರೆಡ್ಡಿನ ಹಿಟ್ಟು ಉಬ್ಬಿ ಉಬ್ಬಿ ಪಾತ್ರೆಯ ಅಂಚು ದಾಟಿ ಮೇಜಿನ ಮೇಲೆ ಇಳಿಯುತ್ತಿತ್ತು. ಬಂದದ್ದು ಯಾರೆಂದು ನೋಡಿ, ಬೇಕರಿಯಾಕೆ ಮುಖ ತಿರುಗಿಸಿದಳು.

"ನೀವು ಹೇಳ್ತೀನಿ ಅಂದಿದ್ರಿ," ಎಂದಳು ಗೋಡೆಯ ಕಡೆಗೆ.

"ಅಂದಿದ್ದೆ."

ಬೇಕರಿಯಾಕೆ ಎದ್ದು ಮೇಜಿನ ಹತ್ತಿರ ಹೋಗಿ ಹಿಟ್ಟಿಗೆ ಕೈ ಹಾಕಿದಳು. ಟೈಲರಕ್ಕ ನಲ್ಲಿಯಲ್ಲಿ ಕೈ ತೊಳೆದು ಬಂದು ಇನ್ನೊಂದು ಬದಿಯಲ್ಲಿ ನಿಂತು, ಜಾರುತ್ತಿದ್ದ ಹಿಟ್ಟನ್ನು ಹಿಡಿಯಹೋದಳು. ಬೇಕರಿಯಾಕೆ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು ಒಬ್ಬಳೇ ನಾದತೊಡಗಿದಳು. ಹಿಟ್ಟು ಉಸಿರು ಬಿಡುತ್ತ ಕುಸಿಯಿತು. ಟೈಲರಕ್ಕ ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತೇ ಇದ್ದಳು. ಮುಂಬಾಗಿಲ ಹೊರಗೆ, ವಿಷಯ ತಿಳಿಯದ ಯಾರೋ, ಬ್ರೆಡ್ ಆಗಿದೆಯಾ ಎಂದು ಕೇಳುತ್ತಿದ್ದರು.