ಕೆಂಪಿಯ ಗದ್ದದ ಬಾವು

ಎಪ್ಪತ್ತೆಂಟರ ಮಳೆಗಾಲ. ಯಳವತ್ತಿಯ ಕಳಕಪ್ಪ ಒಲೆಯಲ್ಲಿ ಕುಡುಗೋಲು ಕಾಯಿಸುತ್ತಿದ್ದ. ಅವನ ಆಡು ಕೆಂಪಿಯ ಗದ್ದದ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಬಂದಿತ್ತು. ಅದಕ್ಕೆ ಆ ಮನೆಯಲ್ಲಿ ಅಜ್ಜನ ಕಾಲದಿಂದ ಒಂದೇ ಔಷಧ, ಕಾದ ಕುಡುಗೋಲಿನ ಬರೆ. ಹೆಂಡತಿ ಸಾವಕ್ಕ ಕೆಂಪಿಯನ್ನು ಹಿಡಿದು ಕೂತಿದ್ದಳು. ಮೂರು ತಿಂಗಳ ಎರಡು ಮರಿಗಳು ಮೊಲೆಗೆ ಬಾಯಿ ಹಾಕಿ ಹಾಲು ಸಿಗದೆ ಅರಚುತ್ತಿದ್ದವು. ತಾಯಿ ಸತ್ತರೆ ಮರಿಗಳ ಗತಿಯೇನು ಎಂದು ಅವಳ ಕಣ್ಣಲ್ಲಿ ನೀರು.

ನೆರೆಮನೆಯ ಲಾಲಬಿ ಬಂದವಳೇ ಗದರಿದಳು. "ಕಳಕಪ್ಪಣ್ಣ, ಕುಡಗೋಲು ಕೆಳಗಿಡು. ಹೋದ ವರ್ಷ ಬರಿ ಹಾಕಿದ ಆಡು ಉಳೀತೇನು?"

ಕಳಕಪ್ಪ ಕುಡುಗೋಲನ್ನು ಕೆಂಡದಲ್ಲಿ ಇನ್ನಷ್ಟು ಒಳಗೆ ತಳ್ಳಿದ.

ಲಾಲಬಿ ಕೆಂಪಿಯ ಕಣ್ಣಿನ ರೆಪ್ಪೆ ಬಿಡಿಸಿದಳು. ಒಳಗೆ ಸುಣ್ಣದಂತೆ ಬೆಳ್ಳಗಿತ್ತು. "ನೋಡು, ರಗತಾನ ಇಲ್ಲ. ಹೊಟ್ಟ್ಯಾಗಿನ ಹುಳ ಕುಡದಾವು. ಅದಕ್ಕ ಗದ್ದಕ್ಕ ನೀರು ಇಳದೈತಿ. ನಮ್ಮ ಆಡಿಗೂ ಹಿಂಗ ಆಗಿತ್ತು, ದನದ ಡಾಕ್ಟರ್ ಹೇಳಿದ್ರು. ನೀ ಮಾಡೂದು ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆತು."

"ಹಸರು ಹುಲ್ಲು ತಿನ್ನೂ ಆಡಿಗೆ ಹುಳ ಎಲ್ಲಿಂದ ಬರಬೇಕು?" ಎಂದ ಕಳಕಪ್ಪ.

"ಆ ಹುಲ್ಲಿನಿಂದನ! ಮುಂಜಾನಿ ಇಬ್ಬನಿ ಆರೂದ್ರಾಗ ಕೆರಿ ದಂಡಿಗೆ ಬಿಡ್ತಿ. ಹುಳದ ಮರಿ ಆ ಹಸ್ಯಾಗ ಇರ್ತಾವು. ಬಿಸಲು ಏರಿದ ಮ್ಯಾಲೆ ಬಿಡು."

"ನಡೀರಿ, ದವಾಖಾನಿಗೆ ಹೋಗೂಣು," ಎಂದು ಸಾವಕ್ಕ ಎದ್ದೇಬಿಟ್ಟಳು. ಕಳಕಪ್ಪ ಗೊಣಗುತ್ತಲೇ ಕೆಂಪಿಯನ್ನು ಹೆಗಲಿಗೇರಿಸಿದ. ಮರಿಗಳು ಸಾವಕ್ಕನ ಕಂಕುಳಲ್ಲಿ ಬಂದವು.

ಲಕ್ಷ್ಮೇಶ್ವರದ ದನದ ಡಾಕ್ಟರು ತೂಕ ನೋಡಿ ತಾಯಿ-ಮರಿ ಮೂರಕ್ಕೂ ಹುಳದ ಔಷಧ ಕುಡಿಸಿದರು.

"ಹಾಲು ಕುಡಿಯೂ ಮರಿಗೂ ಬೇಕೇನ್ರಿ?" ಎಂದು ಸಾವಕ್ಕ ಕೇಳಿದಳು.

"ಮರಿ ಹುಲ್ಲು ಕಚ್ಚಾಕ ಹತ್ತಿದ್ರ ಹುಳಾನೂ ಬರ್ತಾವು. ಮರಿಗೆ ಎರಡು-ಮೂರು ತಿಂಗಳು ತುಂಬಿದ ಕೂಡಲೆ ತಂದು ತೋರಸ್ರಿ. ದೊಡ್ಡವಕ್ಕ ಮಳಿಗಾಲಕ್ಕ ಮೊದಲೊಮ್ಮೆ, ಮಳಿ ಮುಗದ ಮ್ಯಾಲೊಮ್ಮೆ ಕುಡಸ್ರಿ. ಗಬ್ಬದ ಆಡಿಗೆ ಮಾತ್ರ ನಮ್ಮನ್ನ ಕೇಳದ ಕೊಡಬ್ಯಾಡ್ರಿ." ಡಾಕ್ಟರು ಕೆಂಪಿಯ ಕಿವಿಯಿಂದ ಒಂದು ಉಣ್ಣಿ ಕಿತ್ತು ತೋರಿಸಿದರು. "ಇದೂ ರಗತ ಕುಡಿಯೂದ. ಬ್ಯಾಸಗ್ಯಾಗ ಗ್ವಾಡಿ ಸಂದ್ಯಾಗ ತತ್ತಿ ಇಡ್ತೈತಿ. ಆಡಿನ ಮೈಗಷ್ಟ ಔಷಧ ಹಚ್ಚಿದ್ರ ಸಾಲದು, ಸಂದಿ ಮೆತ್ತಿ ಸುಣ್ಣ ಬಳೀರಿ."

ಮೂರು ವಾರಕ್ಕೆ ಬಾವು ಇಳಿಯಿತು. ಮರಿಗಳು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿದವು. ಒಂದು ದಿನ ಅದೇ ಊರಿನ ಗಾಳೆಪ್ಪನ ಮನೆಯಲ್ಲಿ ಆಡಿಗೆ ಬರೆ ಹಾಕಲು ಕುಡುಗೋಲು ಕಾಯುತ್ತಿದೆ ಎಂಬ ಖಬರು ಬಂತು. ಕಳಕಪ್ಪ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಓಡಿದ. "ಗಾಳೆಪ್ಪ, ತಡಿಯೋ! ಮೊದಲ ಕಣ್ಣು ಬಿಡಿಸಿ ನೋಡು!"

ಅಕ್ಕ-ಅಣ್ಣಂದಿರೇ, ನೀವೂ ಈ ಹೊತ್ತೇ ನಿಮ್ಮ ಆಡುಗಳ ಕಣ್ಣು ಬಿಡಿಸಿ ನೋಡಿ. ಒಳಗೆ ಕೆಂಪಗಿದ್ದರೆ ಸಂತೋಷ. ಬೆಳ್ಳಗಿದ್ದರೆ ದನದ ದವಾಖಾನೆಗೆ ನಡೆಯಿರಿ. ಕುಡುಗೋಲು ಮೇವು ಕೊಯ್ಯಲಿಕ್ಕೆ ಇರಲಿ.