ಮಾರೆನ್ ಮೈಮೇಲಿನ ಏಳು ಚುಕ್ಕೆ

ಚಿತ್ರ ಒರೆಸುತ್ತಿದ್ದ ಹತ್ತಿಯ ತುದಿಗೆ ಕಪ್ಪು ಹತ್ತಿತು. ಹೊಗೆಯ ಮಸಿಯಿರಬೇಕು ಅಂದುಕೊಂಡಳು ಬೊಡಿಲ್. ತಲೆಯೆತ್ತಿ ನೋಡಿದಳು. ಚಿತ್ರದ ಕುದುರೆಯ ಹಿಂದೊಡೆಯ ಮೇಲಿದ್ದ ಒಂದು ಚುಕ್ಕೆಯೇ ಮಾಯ!

ಹೋಲ್ಬೆಕ್ ಊರಿನ ಪಕ್ಕದ ಆ ಬಂಗಲೆಗೆ ಅವಳು ಬಂದದ್ದು ಇನ್ನೂರು ವರ್ಷದ ಹಳೆಯ ಚಿತ್ರದ ಕೊಳೆ ತೆಗೆಯಲು. ಅದರಲ್ಲಿದ್ದದ್ದು ಬಿಳಿ ಮೈ, ಕಪ್ಪು ಚುಕ್ಕೆಯ ಹೆಣ್ಣುಕುದುರೆ ಮಾರೆನ್. ಇಂದಿಗೂ ಲಾಯದಲ್ಲಿರುವ ಚುಕ್ಕೆ ಕುದುರೆಗಳಿಗೆಲ್ಲ ಅವಳೇ ಮೂಲತಾಯಿ ಎಂಬುದು ಮನೆಯವರ ಹೆಮ್ಮೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು ಕುದುರೆಯ ಚುಕ್ಕೆ ಅಳಿಸಿಬಿಟ್ಟಿದ್ದಳು.

ಭೂತಗನ್ನಡಿ ಹಿಡಿದು ಇಂಚಿಂಚೂ ನೋಡಿದಳು. ಅಳಿಸಿಹೋದದ್ದೂ ಸೇರಿ ಏಳು ಚುಕ್ಕೆಗಳು, ಮಿಕ್ಕವುಗಳಂತೆ ಕೆಳಗಲ್ಲ, ಚಿತ್ರ ಮುಗಿದ ಮೇಲೆ ಬಳಿದ ಹಳೆಯ ವಾರ್ನಿಷ್‌ನ ಮೇಲೆ ಕೂತಿದ್ದವು. ಅಂದರೆ ಎಷ್ಟೋ ವರ್ಷಗಳ ನಂತರ ಯಾರೋ ಇಟ್ಟವು. ಹಾಗಾದರೆ ಸುಳ್ಳು ಚುಕ್ಕೆಗಳೇ? ಅನುಮಾನ ತಾಳದೆ ಲಾಯಕ್ಕೆ ಹೋದಳು. ಕುದುರೆ ನೋಡಿಕೊಳ್ಳುವ ಮುದುಕ ಥೋರ್ವಾಲ್ ಗೊರಸು ಕೆರೆಯುತ್ತಿದ್ದ.

"ಕುದುರೆಗೆ ಚುಕ್ಕೆ ಆಮೇಲೂ ಬರುತ್ತಾ?"

"ಬರದೆ ಏನಮ್ಮಾ? ಅಗೋ, ಆ ಅಜ್ಜಿ ಕುದುರೇನ ನೋಡು. ಹುಟ್ಟಿದಾಗ ಪೂರಾ ಕಂದು. ವರ್ಷ ಹೋದ ಹಾಗೆ ಮೈ ಬೆಳ್ಳಗಾಯ್ತು, ಚುಕ್ಕೆ ಎದ್ದು ಬಂತು. ಕುದುರೆ ಹೇಳಿದಲ್ಲಿ ನಿಲ್ಲುತ್ತೆ, ಬಣ್ಣ ನಿಲ್ಲಲ್ಲ."

ಬೊಡಿಲ್‌ಗೆ ತಲೆ ಇನ್ನಷ್ಟು ಕೆಟ್ಟಿತು. ಮಾರೆನ್‌ಗೆ ವಯಸ್ಸಾದಂತೆ ಯಾರೋ ಕಣ್ಣಾರೆ ಕಂಡು ಚಿತ್ರ ತಿದ್ದಿದ್ದರೆ, ತಾನು ಒರೆಸಿದ್ದು ಸುಳ್ಳನ್ನೋ ನಿಜವನ್ನೋ?

ಮಧ್ಯಾಹ್ನ ರೈ ಧಾನ್ಯದ ರೊಟ್ಟಿ, ಉಪ್ಪುಮೀನಿನ ಊಟಕ್ಕೆ ಕೂತಾಗ ಮನೆಯೊಡತಿ ವಿಬೆಕೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಎಪ್ಪತ್ತು ದಾಟಿದ ಹೆಂಗಸು ರೇಗಬಹುದು ಎಂದುಕೊಂಡಿದ್ದಳು. ಬದಲಿಗೆ ವಿಬೆಕೆ ನಾಚಿ ಕೆಂಪಗಾದರು.

"ಅದರಲ್ಲಿ ಕೆಲವು ನಮ್ಮವು ಕಣೇ. ನಾನು, ನನ್ನ ತಮ್ಮ ಆಸ್ಗರ್. ಚಿಕ್ಕವರಿದ್ದಾಗ ಒಂದು ಬೇಸಿಗೆ ಬೂಟ್‌ಪಾಲಿಶ್ ಕದ್ದು, ಕುರ್ಚಿ ಹತ್ತಿ ಇಟ್ಟಿದ್ವಿ. ಅಪ್ಪನಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ."

"ಎಷ್ಟು ಇಟ್ರಿ?"

"ನಾನು ಒಂದು. ಅವನು ಎರಡೋ ಮೂರೋ. ಕೇಳೋಣ ಅಂದ್ರೆ ಅವನು ಹೋಗಿ ಹನ್ನೊಂದು ವರ್ಷ ಆಯ್ತು."

ಬೊಡಿಲ್ ರೊಟ್ಟಿ ಕೆಳಗಿಟ್ಟಳು. ಹತ್ತಿ ಒಂದೇ ಸಲ ಸವರಿದ್ದಕ್ಕೆ ಬಿಟ್ಟುಬಂದದ್ದು ಬಣ್ಣವಲ್ಲ, ಪಾಲಿಶೇ ಇರಬೇಕು. "ನಾನು ಅಳಿಸಿದ್ದು ನಿಮ್ಮ ತಮ್ಮನದೇ ಇರಬಹುದು, ವಿಬೆಕೆ. ತಪ್ಪಾಯ್ತು."

"ನಂದೂ ಹಿಂದೊಡೆ ಮೇಲೇ ಇತ್ತು ಅನ್ಸುತ್ತೆ. ಅಥವಾ ಹೊಟ್ಟೆ ಮೇಲಾ? ಅಯ್ಯೋ, ನೆನಪಾಗ್ತಿಲ್ವಲ್ಲ!" ವಿಬೆಕೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಉಳಿದ ಆರನ್ನ ಮುಟ್ಟಬೇಡ. ಯಾರದ್ದಾದರೂ ಇರಲಿ."

ಬೊಡಿಲ್ ಮುಟ್ಟಲಿಲ್ಲ. ಅವುಗಳ ಸುತ್ತಲಿನ ಕೊಳೆಯನ್ನಷ್ಟೇ ಜೋಪಾನವಾಗಿ ತೆಗೆದಳು. ವರದಿಯಲ್ಲಿ ಮೊದಲು 'ಮೂಲ ಚಿತ್ರಕ್ಕೆ ಸೇರಿದ್ದಲ್ಲ' ಎಂದು ಬರೆದು ಹೊಡೆದುಹಾಕಿದಳು. 'ಕುದುರೆಯನ್ನು ಕಂಡವರು ಇಟ್ಟದ್ದು' ಎಂದು ಬರೆದು ಅದನ್ನೂ ಹೊಡೆದಳು. ಕೊನೆಗೆ ಉಳಿದದ್ದು ಒಂದೇ ಸಾಲು: 'ಆರು ಚುಕ್ಕೆಗಳು, ಇಟ್ಟವರು ಯಾರೆಂದು ತಿಳಿಯದು.'

ಚಿತ್ರ ಗೋಡೆಗೇರಿದ ದಿನ ವಿಬೆಕೆ ಕೇಳಿದರು: "ಹೋಗಿದ್ದು ಎಲ್ಲಿತ್ತು, ತೋರಿಸು."

ಬೊಡಿಲ್ ಬೆರಳು ಎತ್ತಿದಳು. 'ಇಲ್ಲಿ' ಅನ್ನಲು ಹೋದಳು, ಆದರೆ ಜಾಗ ಅವಳಿಗೂ ಖಚಿತವಿರಲಿಲ್ಲ. ಬೆರಳು ಗಾಳಿಯಲ್ಲೇ ಸ್ವಲ್ಪ ಎಡಕ್ಕೆ ಸರಿಯಿತು.