ಒಂದೇ ಮುಖದ ವಿಡಿಯೊಗಳು

ಕಾಲರಿನ ಒಂದು ಮೂಲೆ ಹೊರಳಿತ್ತು, ಇನ್ನೊಂದು ಹೊರಳಬೇಕಿತ್ತು. ಅಷ್ಟರಲ್ಲಿ ಫೋನು ನಿಂತುಹೋಯಿತು.

ಸೊಸೆ ದಾರವನ್ನು ಬೆರಳಿಗೆ ಸುತ್ತಿಕೊಂಡೇ ಬಗ್ಗಿ ಪರದೆ ನೋಡಿದಳು. ಜಾಗ ತುಂಬಿದೆ, ರೆಕಾರ್ಡಿಂಗ್ ನಿಲ್ಲಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಅವಳು ಅಂಗೈಯಿಂದ ಹಣೆ ಬಡಿದುಕೊಂಡಳು. ಗಂಟಲಿನಿಂದ ಸಣ್ಣದೊಂದು ಸದ್ದು ಹೊರಟಿತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವಳಿಂದ ಆ ಸದ್ದು ಬರುತ್ತದೆಂದು ಅಡುಗೆಮನೆಯಲ್ಲಿದ್ದ ಅತ್ತೆಗೆ ಗೊತ್ತಿತ್ತು. ಅವರು ಕೈ ಒರೆಸಿಕೊಳ್ಳುತ್ತ ಬಂದರು.

ಸೊಸೆಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಅತ್ತೆಗೆ ಊರೆಲ್ಲ ಇಟ್ಟ ಹೆಸರು ಮೈಕಮ್ಮ. ನಿವೃತ್ತಿಯಾಗುವವರೆಗೂ ಅವರು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂನಿಂದ ಎಂದು ಕೂಗಿ ಹೇಳುತ್ತಿದ್ದರು. ಮಗ ಇಂಥ ಹುಡುಗಿಯನ್ನು ಮೆಚ್ಚಿ ಮದುವೆಯಾದಾಗ, "ಒಬ್ಬರು ಮಾತಾಡೋಕ್ಕೆ, ಒಬ್ಬರು ಸುಮ್ನಿರೋಕ್ಕೆ, ಲೆಕ್ಕ ಸರಿಹೋಯ್ತು" ಎಂದು ನೆಂಟರು ನಕ್ಕಿದ್ದರು. ಲೆಕ್ಕ ನಿಜವಾಗಿಯೂ ಸರಿಹೋಗಿತ್ತು. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಗಿರಾಕಿಗಳ ಫೋನು ಅತ್ತೆ ಎತ್ತುತ್ತಿದ್ದರು. ಅದಕ್ಕೆಂದೇ ಸೊಸೆಯ ಫೋನಿನಲ್ಲಿ ಎರಡನೆಯ ಸಿಮ್ ಅತ್ತೆಯದು. ತೋಳಿನ ಉದ್ದ, ಗುಂಡಿಯ ಬಣ್ಣ, ಕೊಡುವ ದಿನ ಎಲ್ಲ ಮೈಕಮ್ಮನ ಬಾಯಲ್ಲೇ ತೀರ್ಮಾನವಾಗಿ, ಆಮೇಲೆ ಕೈಸನ್ನೆಯಲ್ಲಿ ಮೇಜಿಗೆ ತಲುಪುತ್ತಿತ್ತು.

ಆದರೆ ಅತ್ತೆಗೆ ಬರುತ್ತಿದ್ದದ್ದು ಮನೆಮಟ್ಟಿನ ಸನ್ನೆ. ಊಟ, ನೀರು, ಬೇಗ, ಸಾಕು. ಸೊಸೆಯ ನಿಜವಾದ ಭಾಷೆ ಬೇರೆಯೇ ಇತ್ತು. ಈಚೆಗೆ ಅವಳು ಆ ಭಾಷೆಯಲ್ಲಿ, ತನ್ನಂತೆಯೇ ಕಿವಿ ಕೇಳಿಸದ ಬೇರೆ ಬೇರೆ ಊರಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಗೋಡೆಗೆ ಕಟ್ಟಿದ ನೀಲಿ ಬಟ್ಟೆಯ ಪರದೆಯ ಮುಂದೆ ಕೂತು, ಫೋನಿಗೆ ಕೈ ಆಡಿಸಿ, ವಿಡಿಯೊ ಮಾಡಿ ಕಳಿಸುವಳು. ಅವರು ಅಲ್ಲಿಂದ ಕೈ ಆಡಿಸಿ ಕಳಿಸುವರು. ಮೈಕಮ್ಮನಿಗೆ ಅದು ದಿನವಿಡೀ ಫೋನಿಗೆ ಮುಖ ಮಾಡುವ ಚಟವಾಗಿ ಕಂಡಿತ್ತು. ಬೆಳಿಗ್ಗೆ ಮಗ ಕೆಲಸಕ್ಕೆ ಹೊರಡುವಾಗ ಹೇಳಿದ್ದ: "ನಾಳೆ ಆ ಹೆಂಗಸರಿಗೆಲ್ಲ ಗಾರ್ಮೆಂಟ್ಸಲ್ಲಿ ಪರೀಕ್ಷೆ ಅಮ್ಮ. ಶರ್ಟಿನ ಕಾಲರ್ ಹೊಲಿದು ತೋರಿಸ್ಬೇಕಂತೆ. ಸರಿಯಾಗಿ ಕೂರಿಸಿದವ್ರಿಗೆ ಕೆಲಸ. ಇವತ್ತು ಇವಳು ಅದನ್ನೇ ಹೇಳಿಕೊಡ್ತಾಳೆ. ನಡುವೆ ಕರಿಬೇಡ."

ಈಗ ಸೊಸೆ ಅತ್ತೆಯ ಮುಖ ನೋಡಿದಳು. ಹೆಬ್ಬೆರಳು ತೋರುಬೆರಳ ನಡುವೆ ಉಗುರಿನಷ್ಟು ಜಾಗ ಬಿಟ್ಟು ತೋರಿಸಿ, ಅದನ್ನು ಫೋನಿನ ಪಕ್ಕೆಗೆ ತುರುಕುವ ಹಾಗೆ ಮಾಡಿದಳು. ಮೆಮೊರಿ ಕಾರ್ಡು. ಮಗನೂ ಆ ಮಾತು ಆಡಿ, ರಜೆಯ ದಿನ ತರುತ್ತೇನೆಂದು ಮುಂದೂಡಿದ್ದ. ಸೊಸೆ ತಾನೇ ಹೋಗುವಂತಿರಲಿಲ್ಲ. ಗಿರಾಕಿಯೊಬ್ಬರು ಕೋಟು ತೆಗೆದುಕೊಂಡು ಹೋಗಲು ಇನ್ನೇನು ಬರುವವರಿದ್ದರು, ಅದರ ಗುಂಡಿಗಳು ಇನ್ನೂ ಡಬ್ಬಿಯಲ್ಲೇ ಇದ್ದವು.

"ಕೊಡಿಲ್ಲಿ" ಎಂದು ಮೈಕಮ್ಮ ಫೋನು ಎತ್ತಿಕೊಂಡರು. ಚಪ್ಪಲಿ ಮೆಟ್ಟುತ್ತ ತಮ್ಮಷ್ಟಕ್ಕೆ ಅಂದರು: "ಮನೆ ತುಂಬ್ತು ಅಂತ ಯಾರಾದ್ರೂ ಇನ್ನೊಂದು ಮನೆ ಕಟ್ತಾರಾ? ಕಸ ಗುಡಿಸ್ತಾರೆ."

ಫೋನ್ ರಿಪೇರಿ ಅಂಗಡಿ ಬೀದಿಯ ತಿರುವಿನಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿತ್ತು. ರಿಪೇರಿಯವಳು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಹೊಟ್ಟೆ ಬಿಚ್ಚಿದ ಫೋನೊಂದರ ಮೇಲೆ ಬಗ್ಗಿದ್ದಳು.

"ಬನ್ನಿ ಮೈಕಮ್ಮ. ಮತ್ತೆ ಬೀಳಿಸಿದ್ರಾ?"

"ನಿನ್ನ ಬಾಯಲ್ಲಿ ಒಳ್ಳೇದು ಬರೋದೇ ಇಲ್ವಲ್ಲೇ. ಜಾಗ ಇಲ್ವಂತೆ. ಗುಡಿಸಿಕೊಡು."

ರಿಪೇರಿಯವಳು ಫೋನು ತೆರೆದು ಬೆರಳಿನಿಂದ ಜಾರಿಸಿದಳು, ಮತ್ತೆ ಜಾರಿಸಿದಳು. "ಎಲ್ಲಾ ವಿಡಿಯೊನೇ ಅಮ್ಮ. ಎಷ್ಟು ಕೆಳಗೆ ಹೋದ್ರೂ ಅದೇ ಮುಖ, ಅದೇ ನೀಲಿ ಪರದೆ. ನೋಡಿ, ಫೋನೇ ಹೇಳ್ತಿದೆ, ಒಂದೇ ಥರದವು ಇವೆ, ತೆಗೆದುಬಿಡ್ಲಾ ಅಂತ."

"ನಾನು ಹೇಳಿದ್ರೆ ಯಾರೂ ಕೇಳಲ್ಲ. ಫೋನು ಹೇಳಿದ್ರಾದ್ರೂ ಕೇಳ್ಲಿ."

"ಒಂದು ಹಾಕಿ ನೋಡ್ಲಾ?" ರಿಪೇರಿಯವಳು ಸದ್ದು ಪೂರ್ತಿ ಏರಿಸಿದಳು. ಫ್ಯಾನು ತಿರುಗುವ ಸದ್ದು, ಎಲ್ಲೋ ಕತ್ತರಿ ಮೇಜಿಗೆ ತಾಗಿದ ಸದ್ದು. "ಬರೀ ಫ್ಯಾನು" ಎಂದಳು.

"ಮತ್ತೇನು. ಇರೋದನ್ನೇ ಎಷ್ಟು ಸಲ ಇಟ್ಕೋತಾಳೆ? ಅಳಿಸು."

ಅಳಿಸಿದ್ದಾಯಿತು. ಆದರೂ ಫೋನು ಜಾಗವಿಲ್ಲ ಎಂದೇ ಹೇಳಿತು. ಮೈಕಮ್ಮ ಅನುಮಾನದಿಂದ ನೋಡಿದರು.

"ಅವು ಕಸದಬುಟ್ಟಿಗೆ ಹೋಗಿವೆ ಅಷ್ಟೇ" ಎಂದಳು ರಿಪೇರಿಯವಳು. "ಮನೆ ಗುಡಿಸಿ ಕಸಾನ ಬಾಗಿಲ ಹಿಂದೆ ಇಟ್ಟ ಹಾಗೆ. ಕೆಲವು ದಿನ ಅಲ್ಲೇ ಇರ್ತವೆ, ಜಾಗಾನೂ ತಿಂತಿರ್ತವೆ. ಬುಟ್ಟಿ ಖಾಲಿ ಮಾಡಿದ್ರೇನೆ ಬಿಡುಗಡೆ. ಆಮೇಲೆ ಮಾತ್ರ ಅಪ್ಪಾ ಅಂದ್ರೂ ಬರಲ್ಲ, ಅಮ್ಮಾ ಅಂದ್ರೂ ಬರಲ್ಲ. ಮಾಡ್ಲಾ?"

ಅಷ್ಟರಲ್ಲಿ ಚಾರ್ಜರ್ ಕೇಳಿಕೊಂಡು ಒಬ್ಬ ಬಂದ. ಅವಳು ಫೋನನ್ನು ಮೈಕಮ್ಮನ ಕೈಗಿಟ್ಟು ಹಿಂದಿನ ಹಲಗೆಯಲ್ಲಿ ಹುಡುಕತೊಡಗಿದಳು.

ಮಾಡಲು ಬೇರೆ ಕೆಲಸವಿರಲಿಲ್ಲ. ಮೈಕಮ್ಮ ಕನ್ನಡಕ ಮೇಲಕ್ಕೆ ಸರಿಸಿಕೊಂಡು ಬುಟ್ಟಿಗೆ ಬಿದ್ದವನ್ನು ನೋಡಿದರು. ಸಾಲು ಸಾಲು ಪುಟ್ಟ ಚಿತ್ರಗಳು. ಮುಖ ಒಂದೇ, ಪರದೆ ಒಂದೇ. ಕೈಗಳು ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ ಇದ್ದವು. ಒಂದರಲ್ಲಿ ಎರಡು ಬೆರಳು ಮಣಿಕಟ್ಟಿನ ಮೇಲೆ ನಡೆಯುತ್ತಿದ್ದವು. ಇನ್ನೊಂದರಲ್ಲಿ ಮುಷ್ಟಿ ಕಿವಿಯ ಹತ್ತಿರ ಬಿಚ್ಚಿಕೊಳ್ಳುತ್ತಿತ್ತು. ಮತ್ತೊಂದರಲ್ಲಿ ಒಂದು ಹುಬ್ಬು ಮೇಲೇರಿ, ಅಂಗೈ ಮುಂದಕ್ಕೆ ಚಾಚಿ ಯಾರನ್ನೋ ಏನೋ ಕೇಳುತ್ತಿತ್ತು. ಅವರು ಫೋನನ್ನು ಕಣ್ಣಿಗೆ ಹತ್ತಿರ ತಂದರು. ಎಷ್ಟು ಹುಡುಕಿದರೂ ಒಂದರ ಹಾಗೆ ಇನ್ನೊಂದು ಸಿಗಲಿಲ್ಲ.

"ಏ, ಇಲ್ಲಿ ಬಾ. ಇದನ್ನೂ, ಇದನ್ನೂ ವಾಪಸ್ ತರೋಕ್ಕಾಗುತ್ತಾ?"

"ಬುಟ್ಟೀಲಿರೋವರೆಗೂ ಆಗುತ್ತೆ."

ಅವಳು ತಂದುಕೊಟ್ಟಳು. ಮೈಕಮ್ಮ ಮೊದಲನೆಯದನ್ನು ನೋಡಿದರು. ಸೂಜಿ ಕಣ್ಣಿಗೆ ದಾರ ಪೋಣಿಸುವುದು, ಬಟ್ಟೆಯ ಅಂಚು ಮಡಿಸುವುದು, ಅಷ್ಟು ಅವರಿಗೆ ತಿಳಿಯಿತು. ಎರಡನೆಯದರಲ್ಲೂ ಅದೇ ಅಂಚು, ಅದೇ ಮಡಿಕೆ. ಆದರೆ ಸೊಸೆ ಅದನ್ನು ಅರ್ಧ ವೇಗದಲ್ಲಿ ಮಾಡಿದಳು. ನಿಂತಳು. ಹುಬ್ಬೇರಿಸಿ ಕಾದಳು. ಇನ್ನೂ ನಿಧಾನವಾಗಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಮಾಡಿದಳು. ಅತ್ತ ಯಾರೋ ಒಬ್ಬಳಿಗೆ ತಿಳಿದಿರಲಿಲ್ಲ. ಆ ಒಬ್ಬಳಿಗಾಗಿ ಬೇರೆಯದೇ ಮಾಡಿ ಕಳಿಸಿದ್ದಳು. ಬೇಸರ ಎಂಬುದು ಆ ಮುಖದ ಮೇಲೆ ಹುಡುಕಿದರೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಜನ ಹೇಳುತ್ತಿದ್ದರು: ಅಮ್ಮ, ಒಂದು ಟೇಪು ಹಾಕಿಟ್ಟು ಮನೆಗೆ ಹೋಗಿ, ದಿನಾ ಅದೇ ಅಲ್ವಾ? ಮೈಕಮ್ಮ ನಗುತ್ತಿದ್ದರು, ಆದರೆ ಟೇಪು ಹಾಕುತ್ತಿರಲಿಲ್ಲ. ಕೊನೆಯ ಬಸ್ಸು ಹೊರಡುವಾಗ ಅವರು ಊರಿನ ಹೆಸರನ್ನು ಎಳೆದು ಎಳೆದು ಹೇಳುತ್ತಿದ್ದರು. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು ಇದ್ದ ಹೆಂಗಸು ಓಡಿಬರುವುದು ಗಾಜಿನಾಚೆ ಕಂಡರೆ ಇನ್ನೊಂದು ಸಲ ಹೇಳುತ್ತಿದ್ದರು, ಡ್ರೈವರನಿಗೆ ಕೇಳಲೆಂದು. ಬಸ್ಸು ರದ್ದಾದ ದಿನ ದನಿ ತಗ್ಗಿಸುತ್ತಿದ್ದರು. ಓದುವ ಸಾಲು ಅದೇ. ಹೇಳಿದ್ದು ಎಂದೂ ಅದೇ ಆಗಿರಲಿಲ್ಲ. ಇದನ್ನು ಅವರು ಯಾರಿಗೂ ವಿವರಿಸಲು ಹೋಗಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ಖಾಲಿ ಮಾಡ್ಲಾ ಬುಟ್ಟಿ?" ರಿಪೇರಿಯವಳು ಕೈ ಚಾಚಿದಳು.

ಮೈಕಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದರು. "ಮುಟ್ಟಬೇಡ. ಎಲ್ಲಾ ವಾಪಸ್ ತಾ. ಒಂದೂ ಬಿಡಬೇಡ. ಆಮೇಲೆ ಕಾರ್ಡ್ ಹಾಕು."

"ಆಗ್ಲೇ ಕಸ ಅಂದ್ರಿ?"

"ಮಾತು ಕಣೇ ಅದು. ನೀನು ಬೆಳಗಿಂದ ಸಂಜೆವರೆಗೂ ವಟಗುಟ್ಟಿದ್ದು ಗಾಳೀಗೆ ಹೋಗುತ್ತೆ, ಜಾಗ ಬೇಕಾಗಿಲ್ಲ. ಅವಳ ಮಾತಿಗೆ ಜಾಗ ಬೇಕು."

ರಿಪೇರಿಯವಳು ಎಲ್ಲವನ್ನೂ ಹಿಂದಕ್ಕೆ ತಂದಳು. ಆಮೇಲೆ ಸಣ್ಣ ಪಿನ್ನು ಚುಚ್ಚಿ ಫೋನಿನ ಪಕ್ಕೆಯ ತಟ್ಟೆ ಎಳೆದವಳು ತುಟಿ ಕಚ್ಚಿದಳು.

"ಒಂದು ತೊಡಕಿದೆ. ಇದರಲ್ಲಿ ಗೂಡು ಎರಡೇ. ಒಂದು ಸಿಮ್ಮಿಗೇ ಮೀಸಲು. ಇನ್ನೊಂದರಲ್ಲಿ ಸಿಮ್ಮಾದ್ರೂ ಇರಬೇಕು, ಕಾರ್ಡಾದ್ರೂ ಇರಬೇಕು. ಎರಡೂ ಹಿಡಿಯಲ್ಲ. ಆ ಎರಡನೇ ಸಿಮ್ಮು ನಿಮ್ಮದು."

ಮೈಕಮ್ಮ ತಟ್ಟೆ ನೋಡಿದರು. ಅವರ ನಂಬರು ಅದರಲ್ಲಿ ಬೇಳೆಯಷ್ಟಗಲದ ತಗಡಾಗಿ ಕೂತಿತ್ತು. ಗಿರಾಕಿಗಳು ಮಾತ್ರವಲ್ಲ, ಹಳೆಯ ಕಂಡಕ್ಟರುಗಳು, ಟಿಕೆಟ್ ಕೌಂಟರಿನ ಗೆಳತಿ, ಎಲ್ಲರೂ ಅದಕ್ಕೇ ಫೋನು ಮಾಡಿ "ಏನ್ ಮೈಕಮ್ಮ, ದನಿ ಹಾಗೇ ಇದೆಯಲ್ಲ" ಅನ್ನುತ್ತಿದ್ದರು. ನಿವೃತ್ತಿಯ ಮೇಲೆ ಅವರಿಗೆ ಉಳಿದಿದ್ದ ಮೈಕು ಅದೊಂದೇ.

"ತೆಗಿ."

"ಗಿರಾಕಿಗಳು?"

"ಮನೆ ಗೊತ್ತಲ್ಲ, ಬಾಗಿಲು ತಟ್ಟಲಿ. ಮಗ ಒಂದು ಗುಂಡಿ ಒತ್ತೋ ಫೋನು ತರ್ತಾನೆ. ತರೋವರೆಗೂ ನನ್ನ ಬಾಯಿಗೂ ರಜೆ. ಬೀದಿಯವರು ನಿನ್ನ ಹೆಸರು ಹೇಳಿ ದೀಪ ಹಚ್ಚಲಿ."

ರಿಪೇರಿಯವಳು ನಗುತ್ತ ಸಿಮ್ ತೆಗೆದು ಕಾಗದದಲ್ಲಿ ಮಡಿಚಿ ಕೊಟ್ಟಳು. ಹೊಸ ಕಾರ್ಡು ಕೂರಿಸಿದಳು. ಫೋನು ಏನೋ ಕೇಳಿತು. "ಎರಡು ಥರ ಮಾಡ್ಬಹುದು. ಫೋನಿನದೇ ಭಾಗ ಮಾಡಿದ್ರೆ, ಕಾರ್ಡು ಇದಕ್ಕೇ ಅಂಟಿಕೊಂಡುಬಿಡುತ್ತೆ, ಬೇರೆ ಫೋನಿಗೆ ಹಾಕಿದ್ರೆ ಓದಕ್ಕಾಗಲ್ಲ. ಬೇರೆಯಾಗೇ ಇಟ್ರೆ, ನಾಳೆ ಈ ಫೋನು ಕೆಟ್ರೂ ಕಾರ್ಡು ತೆಗೆದು ಇನ್ನೊಂದಕ್ಕೆ ಹಾಕ್ಕೋಬಹುದು."

"ಬೇರೆಯಾಗೇ ಇರಲಿ. ಯಾವ ಮನೆಗೆ ಹೋದ್ರೂ ಅವಳದ್ದು ಅವಳ ಹತ್ರಾನೇ ಇರಬೇಕು."

ಇನ್ನು ಮುಂದೆ ತೆಗೆಯುವ ವಿಡಿಯೊಗಳು ನೇರವಾಗಿ ಕಾರ್ಡಿಗೇ ಹೋಗುವಂತೆ ಅವಳು ಕ್ಯಾಮೆರಾದಲ್ಲಿ ಬದಲಿಸಿದಳು. ಹಳೆಯವನ್ನು ಒಟ್ಟಿಗೆ ಆರಿಸಿ ಕಾರ್ಡಿನ ಕಡೆ ಕಳಿಸಿದಳು. ಪರದೆಯ ಮೇಲೆ ಹಸಿರು ಗೆರೆ ಇರುವೆಯ ಹಾಗೆ ಹರಿಯತೊಡಗಿತು. "ನೀವು ಹೋಗಿ ಬನ್ನಿ, ಹೊತ್ತಾಗುತ್ತೆ" ಎಂದಳು. ಮೈಕಮ್ಮ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು, ಗೆರೆ ಆ ತುದಿ ಮುಟ್ಟುವವರೆಗೆ ಕಣ್ಣು ಕೀಳದೆ ನೋಡಿದರು. ಮುಟ್ಟಿದ ಮೇಲೂ ಬುಟ್ಟಿಯಿಂದ ತರಿಸಿದ ಆ ಎರಡನ್ನು ಕಾರ್ಡಿನಲ್ಲಿ ಹುಡುಕಿಸಿ, ಓಡಿಸಿ ನೋಡಿ, ಆಮೇಲೆಯೇ ಎದ್ದರು.

ಮನೆ ಮುಟ್ಟುವಾಗ ಬಿಸಿಲು ಕಿಟಕಿ ಬಿಟ್ಟು ಹೋಗಿತ್ತು. ಕೋಟು ಕೊಟ್ಟಾಗಿತ್ತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಫೋನನ್ನು ಕಸಿದುಕೊಳ್ಳುವವಳಂತೆ ತೆಗೆದುಕೊಂಡು ಸರಸರ ಮೇಲೆ ಕೆಳಗೆ ಜಾರಿಸಿದಳು. ಎಲ್ಲವೂ ಇತ್ತು, ಅದರ ಮೇಲೆ ಬೇಕಾದಷ್ಟು ಜಾಗವೂ ಇತ್ತು. ಅವಳ ಭುಜ ಇಳಿಯಿತು. ಆಮೇಲೆ ಪರದೆಯ ಮೂಲೆಯಲ್ಲಿ ಎರಡನೆಯ ಸಿಮ್ಮಿನ ಗುರುತು ಇಲ್ಲದ್ದನ್ನು ಕಂಡು ಅತ್ತೆಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಳು. ವಿಡಿಯೊದಲ್ಲಿ ಕಂಡ ಅದೇ ಹುಬ್ಬು.

"ಹೋಗ್ಲಿ ಬಿಡು" ಎಂದರು ಮೈಕಮ್ಮ. ಬಾಯಲ್ಲಿ ಅಂದದ್ದು ಸಾಲದೆನಿಸಿ ಕೈಯನ್ನೂ ಬೀಸಿದರು. ಸೊಸೆ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. "ನೋಡ್ತಾ ನಿಂತ್ರೆ ಕಾಲರ್ ಯಾರು ಹೊಲೀತಾರೆ? ಕೂತ್ಕೋ" ಎಂದು ಅತ್ತೆ ಅವಳ ರೆಟ್ಟೆ ಹಿಡಿದು ನೀಲಿ ಪರದೆಯ ಮುಂದೆ ಕೂರಿಸಿದರು.

ಪಾಠ ಮೊದಲಿನಿಂದ ಶುರುವಾಯಿತು. ಕಾಲರಿನೊಳಗೆ ಇಡುವ ಗಟ್ಟಿ ಕ್ಯಾನ್ವಾಸು ಬಟ್ಟೆ ಕತ್ತರಿಸುವುದು. ಹೊಲಿಗೆ ಹಾಕುವ ಮೊದಲು ಮೂಲೆಯೊಳಗೆ ಒಂದು ಎಳೆ ದಾರ ಇಡುವುದು. ಹೊಲಿದು, ಮೂಲೆಯ ಹೆಚ್ಚಿನ ಬಟ್ಟೆ ಕತ್ತರಿಸಿ, ಆ ಎಳೆ ಹಿಡಿದು ಎಳೆದರೆ ಕಾಲರಿನ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಹೊರಗೆ ಬರುತ್ತದೆ. ಬಂತು. ಈ ಸಲ ಎರಡನೆಯದೂ ಬಂತು. ಮೈಕಮ್ಮ ಬಾಯಿ ಬಿಡದೆ ಪೂರ್ತಿ ನೋಡಿದರು. ಇಷ್ಟು ಚೊಕ್ಕವಾಗಿ, ಒಂದೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳುವವರನ್ನು ಅವರು ತಮ್ಮ ಗಾಜಿನ ಕೋಣೆಯಲ್ಲೂ ಕಂಡಿರಲಿಲ್ಲ.

ಪಾಠ ಹೋಯಿತು. ಸ್ವಲ್ಪ ಹೊತ್ತಿಗೆ ಉತ್ತರಗಳು ಬರತೊಡಗಿದವು. ಬೇರೆ ಬೇರೆ ಕೋಣೆ, ಬೇರೆ ಬೇರೆ ಗೋಡೆ. ಒಬ್ಬಳು ಕಾಲರಿನ ತುದಿಯನ್ನು ಅಂಗೈಗೆ ಚುಚ್ಚಿ ತೋರಿಸಿದಳು. ಇನ್ನೊಬ್ಬಳು ಕಾಲರನ್ನು ತನ್ನ ಕುತ್ತಿಗೆಗೇ ಸುತ್ತಿಕೊಂಡು ನಕ್ಕಳು. ವಯಸ್ಸಾದ ಮೂರನೆಯವಳ ತುದಿ ಮೊಂಡಾಗಿತ್ತು. ಅವಳು ಅದನ್ನು ಕ್ಯಾಮೆರಾದ ಹತ್ತಿರ ಹಿಡಿದು, ಕಣ್ಣು ತುಂಬಿಕೊಂಡು ತಲೆಯಾಡಿಸಿದಳು.

ಸೊಸೆ ಮತ್ತೊಂದು ತುಂಡು ಬಟ್ಟೆ ಎತ್ತಿಕೊಂಡು ಫೋನು ನೆಟ್ಟಗೆ ನಿಲ್ಲಿಸಿದಳು. ಕೋಣೆ ಮಬ್ಬಾಗಿತ್ತು. ಮೈಕಮ್ಮ ಮೆಶಿನ್ನಿನ ಪಕ್ಕದ ಟೇಬಲ್ ಲ್ಯಾಂಪು ಕೈಗೆತ್ತಿಕೊಂಡು ಅವಳ ಎದುರು ಮಂಡಿಯೂರಿದರು. ಬೆಳಕು ಬೆರಳುಗಳ ಮೇಲೆ ಮಾತ್ರ ಬಿದ್ದಿತ್ತು. ಅವರು ದೀಪವನ್ನು ತುಸು ಹಿಂದಕ್ಕೆ ತಂದು, ಮೇಲೆತ್ತಿ, ಹುಬ್ಬೂ ಕಾಣುವವರೆಗೆ ಓರೆ ಮಾಡಿ, ತೋಳು ಅಲುಗದಂತೆ ಹಿಡಿದರು.